ವರ್ತಕಶ್ರೇಷ್ಠ ಗುಬ್ಬಿ ತೋಟದಪ್ಪನವರು

ದಾನ, ಭೋಗ, ನಾಶ ಎಂದು ಧನಕ್ಕೆ ಮೂರು ಗತಿಗಳನ್ನು ನೀತಿಜ್ಞರು ಎಣಿಸಿರುವರು. ಮಕ್ಕಳೊಂದಿಗನಿಗೆ ಈ ವಿಚಾರವು ಅಷ್ಟಾಗಿ ಬಾಧಿಸದು. ಸಂತಾನಹೀನನಾದ ವರ್ತಕನಿಗಾದರೋ, ಪ್ರತಿರಾತ್ರಿಯೂ ಲೆಕ್ಕದ ಪುಸ್ತಕವನ್ನು ಮುಚ್ಚುವಾಗ ಇದೇ ಪ್ರಶ್ನೆಯು ಎದುರಿಗೆ ನಿಲ್ಲುವುದು. ಗುಬ್ಬಿ ತೋಟದಪ್ಪನವರ ಜೀವಿತವು ಈ ಪ್ರಶ್ನೆಗೆ ಸಂದ ಉತ್ತರವಾಗಿದೆ.

1838ರಲ್ಲಿ ಗುಬ್ಬಿಯಲ್ಲಿ ಜನಿಸಿದ ಇವರು ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರವನ್ನು ನಡೆಸಿದರು. 1864ರಲ್ಲಿ ಬೆಂಗಳೂರಿನ ದಂಡುಪ್ರದೇಶಕ್ಕೆ ರೈಲು ಬಂದಿತು. ಕ್ರಮೇಣ ಸಂಸ್ಥಾನದ ಇತರ ಊರುಗಳಿಗೂ ಹಳಿಗಳು ಹಬ್ಬಿದುವು. ಕಚೇರಿಯ ವ್ಯಾಜ್ಯಕ್ಕೆಂದೋ, ಪೇಟೆಯ ಸರಕಿಗೆಂದೋ, ಮಗನ ವಿದ್ಯಾಭ್ಯಾಸಕ್ಕೆಂದೋ ಬಂದಿಳಿದ ಹಳ್ಳಿಗನಿಗೆ ನಗರದಲ್ಲಿ ಬಂಧುಗಳಿಲ್ಲದಿದ್ದರೆ ರಾತ್ರಿಯನ್ನು ಕಳೆಯುವುದೆಲ್ಲಿ? ದೊರೆಗಳೂ ಪುಣ್ಯವಂತರೂ ಹಿಂದೆ ಛತ್ರಗಳನ್ನು ಕಟ್ಟಿಸಿದ್ದುದು ಕಾಲುದಾರಿಯ ಪಥಿಕರಿಗಾಗಿ. ಈಗ ದಾರಿಯೇ ಬದಲಾಗಿದ್ದಿತು. ಛತ್ರವೂ ಹೊಸ ದಾರಿಯ ಬದಿಗೆ ಬರಬೇಕೆಂಬುದನ್ನು ತೋಟದಪ್ಪನವರ ವ್ಯಾಪಾರಿದೃಷ್ಟಿಯು ಕಂಡುಕೊಂಡಿತು. 1897ರಲ್ಲಿ ರೈಲ್ವೆಯವರಿಂದ ಎರಡೂವರೆ ಎಕರೆ ಭೂಮಿಯನ್ನು ಕ್ರಯಕ್ಕೆ ಪಡೆದು, ನಿಲ್ದಾಣದ ಸಮೀಪದಲ್ಲಿಯೇ ಧರ್ಮಛತ್ರವನ್ನು ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಅದನ್ನು ಉದ್ಘಾಟಿಸಿದರು. ವಿದ್ಯಾರ್ಥಿಗಳಿಗೆ ಉಚಿತ ನಿಲಯವೂ ಇದರೊಡನೆ ಬೆಳೆಯಿತು.

ಕಟ್ಟಿಸುವುದು ಸುಲಭ, ಉಳಿಸುವುದು ಕಷ್ಟ. ದಾತೃವು ಕಣ್ಮುಚ್ಚಿದೊಡನೆ ದಾಯಾದಿಗಳ ಕಲಹದಲ್ಲಿ ಕರಗಿಹೋದ ಧರ್ಮಗಳೆಷ್ಟೋ! ತೋಟದಪ್ಪನವರು ತಮ್ಮ ಆಸ್ತಿಯನ್ನು ಧರ್ಮಸಂಸ್ಥೆಗೆ ವಹಿಸಿ, ಅದರ ಅಧ್ಯಕ್ಷತೆಗೆ ಕೆ. ಪಿ. ಪುಟ್ಟಣ್ಣಚೆಟ್ಟರನ್ನು ಆರಿಸಿದರು. ಬೆಂಗಳೂರು ಪುರಸಭೆಯ ಅಧ್ಯಕ್ಷಪದವಿಯನ್ನಲಂಕರಿಸಿ, ಇಂದಿಗೂ ಅಲ್ಲಿನ ಪುರಭವನಕ್ಕೆ ತಮ್ಮ ಹೆಸರನ್ನಿತ್ತಿರುವ ಮಹನೀಯರೇ ಇವರು. ಗಳಿಸಿದವನು ಒಬ್ಬ, ಕಾಯ್ದವನು ಮತ್ತೊಬ್ಬ. ತನ್ನ ಗಳಿಕೆಯನ್ನು ಪರರ ಕೈಗೊಪ್ಪಿಸುವಾಗ ಯೋಗ್ಯನನ್ನು ಗುರುತಿಸುವ ವಿವೇಕವು, ದಾನಕ್ಕಿಂತಲೂ ದುರ್ಲಭವಾದುದು.

ಮಹಾರಾಜರು 1905ರಲ್ಲಿ 'ಧರ್ಮಪ್ರವರ್ತ' ಬಿರುದನ್ನಿತ್ತರು. 1910ರಲ್ಲಿ ಆಂಗ್ಲ ಸರ್ಕಾರದಿಂದ 'ರಾವ್ ಬಹದ್ದೂರ್' ಪದವಿಯು ಬಂದಿತು. ಅದೇ ವರ್ಷವೇ ಅವರು ಲಿಂಗೈಕ್ಯರಾದರು.

ಭದ್ರಾವತಿಯ ಜನ್ನಾಪುರದಂತಹ ಊರಿನಿಂದ ಮಗನ ಕೈಹಿಡಿದು ರೈಲಿನಿಂದಿಳಿಯುವ ತಂದೆಗೆ ಈ ಬಿರುದುಗಳು ತಿಳಿದಿರಬೇಕೆಂದೇನೂ ಇಲ್ಲ. ಎದುರಿಗೆ ಛತ್ರದ ಬಾಗಿಲು ಕಂಡರೆ ಸಾಕು. ಮಕ್ಕಳಿಲ್ಲದವರೊಬ್ಬರು ಪರರ ಮಕ್ಕಳಿಗಾಗಿ ತೆರೆಯಿಸಿದ ಬಾಗಿಲು ಅದು.