ಸಂಗಮದ ದಾರಿಯಲ್ಲಿ ಪೆಡಲಿನ ವಿಚಾರ

ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ನಾವು ನಮ್ಮ ಹಳೆಯ ಬೈಸಿಕಲ್ಲನ್ನೂ, ಮೊಮ್ಮಗನು ತನ್ನ ಫಿಕ್ಸೆಡ್ ಗೇರ್ ಬೈಸಿಕಲ್ಲನ್ನೂ ಏರಿ ಹೊರಟೆವು. ಅದರಲ್ಲಿ ಚಕ್ರವು ಉರುಳುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರುವುದು, ಕಾಲಿಗೆ ವಿಶ್ರಾಂತಿಯಿಲ್ಲ. ಹೆಸರಿಗೆ ಕ್ಲಿಪ್ಪಿಲ್ಲದ ಪೆಡಲು. ಬೂಟಿನಡಿಯ ಅಚ್ಚನ್ನು ಹಿಡಿಯುವುದು ಮಾತ್ರ ಗಜೇಂದ್ರನ ಮೊಸಳೆಯಂತೆ! ಹಿಮ್ಮಡಿಯನ್ನು ಹೊರಕ್ಕೆ ತಿರುಚಿದರೇ ಬಿಡುಗಡೆ.

ಸುತ್ತೂರಿನ ದಾರಿಯಲ್ಲಿ ಎತ್ತಿನ ಗಾಡಿಯೊಂದು ಅಡ್ಡಬರಲು, ಹುಡುಗನು ಕಾಲು ಬಿಡಿಸಲಾರದೆ ಉರುಳಿದನು. ಮೊಣಕೈ ತರಚಿತು, ನಮ್ಮ ಎದೆ ನಡುಗಿತು. ಅಲ್ಲಿಯೇ ಕುಳಿತು ಹಿಡಿತದ ತಿರುಪನ್ನು ಸಡಿಲಿಸಿದೆವು.

ತಿರುಗುತ್ತಿರುವಾಗಲೇ ಪಾದಕ್ಕೆ ದೊರೆಯಬೇಕಾದುದರಿಂದ ಎರಡು ಮುಖದ ಪೆಡಲೇ ಲೇಸೆಂದು ನಮ್ಮ ಅಭಿಪ್ರಾಯ. ಅಚ್ಚು ಅಟ್ಟೆಯೊಳಗೆ ಹುದುಗಿದ್ದರೆ ನಡೆಯಲೂ ಸುಲಭ. ಇವನದು ಹೊರಚಾಚಿತ್ತು. ಬೂಟು ಕಳಚಿ, ಬರಿಗಾಲಿನಲ್ಲಿ ಸೋಪಾನವಿಳಿದು, ಕಾವೇರೀ ಕಪಿಲೆಯರ ಕೂಡಲಿನಲ್ಲಿ ಮೊಣಕೈ ತೊಳೆದನು.