ಕಂಡದ್ದು, ಕೇಳಿದ್ದು, ಊಹಿಸಿದ್ದು

ನಮ್ಮ ದೊಡ್ಡಪ್ಪ ಪೊಲೀಸ್ ಇಲಾಖೆಯಲ್ಲಿದ್ದವರು. ಆದರೆ ಅವರನ್ನು ಖಾಕಿಯಲ್ಲಿ ನೋಡಿದ ನೆನಪು ನನಗಿಲ್ಲ. ಸರ್ವಿಸಿನ ಬಹುಪಾಲು ಮಫ್ತಿಯಲ್ಲೇ ಕಳೆದರು. ಬಿಳಿ ಅಂಗಿ, ಹೆಗಲ ಮೇಲೊಂದು ಟವೆಲ್, ಕಾಲಲ್ಲಿ ಹವಾಯಿ ಚಪ್ಪಲಿ. ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಹುಬ್ಬಳ್ಳಿ ಬಸ್ಸಿಗೆ ಕಾಯುವ ರೈತನಂತೆ ಕಾಣುತ್ತಿದ್ದರು. ಜನರ ಮಾತು ಕೇಳುವುದು, ಮುಖ ನೆನಪಿಟ್ಟುಕೊಳ್ಳುವುದು, ರಾತ್ರಿ ಕೂತು ವರದಿ ಬರೆಯುವುದು ಅವರ ಕೆಲಸ. ನಿವೃತ್ತರಾದ ಮೇಲೆ ಕಂಪ್ಲಿಯಲ್ಲಿ ಮನೆ, ಎರಡು ಎಕರೆ ಗದ್ದೆ, ಕೈಯಲ್ಲೊಂದು ಮೊಬೈಲ್.

ಆ ಮೊಬೈಲಿನಲ್ಲಿ ಅವರಿಗೆ ಸ್ಪೈ ಸಿನಿಮಾ ನೋಡುವ ಚಟ. 2024ರ ದೀಪಾವಳಿಗೆ ಹೋದಾಗ ಒಂದನ್ನು ನಾನೂ ಜೊತೆಗೆ ಕೂತು ನೋಡಿದೆ. ಕಥೆ ನಿಮಗೂ ಗೊತ್ತಿರುವಂಥದ್ದೇ. ಗುಪ್ತಚರ ಕೆಲಸದಿಂದ ನಿವೃತ್ತನಾದ ಒಬ್ಬ ಎಲ್ಲೋ ಗುಡ್ಡದ ಮೇಲೆ ತೋಟ ಮಾಡಿಕೊಂಡಿರುತ್ತಾನೆ. ರಾಜಧಾನಿಯಲ್ಲಿ ಒಬ್ಬ ದೊಡ್ಡ ನಾಯಕನ ಕೊಲೆಯಾಗುತ್ತದೆ. ಕೊಲೆಗಾರ ಇವನೇ ಎಂದು ದಾಖಲೆ ಹುಟ್ಟುತ್ತದೆ. ಇವನು ಓಡುತ್ತಾನೆ, ಗೋಡೆ ಹಾರುತ್ತಾನೆ, ಇಪ್ಪತ್ತು ಜನರನ್ನು ಹೊಡೆಯುತ್ತಾನೆ. ಎರಡೂವರೆ ತಾಸಿಗೆ ಸರಿಯಾಗಿ ಸತ್ಯ ಹೊರಗೆ ಬರುತ್ತದೆ.

ಸಿನಿಮಾ ಮುಗಿದ ಮೇಲೆ ದೊಡ್ಡಪ್ಪ ಕನ್ನಡಕ ತೆಗೆದು ನಕ್ಕರು. "ನೋಡು ತಮ್ಮಾ, ಸಿನಿಮಾದಾಗ ಸಿಕ್ಕಿಹಾಕಿಸಿದವನು ಓಡ್ತಾನ. ನಿಜದಾಗ ಅವನಿಗೆ ಓಡಾಕ ಜಾಗಾನೇ ಇರಂಗಿಲ್ಲ. ಅವನ ಮ್ಯಾಲೆ ಕಾಗದ ಬಿದ್ದಿರ್ತತಿ. ಕಾಗದಕ್ಕ ಗುದ್ದಾಕ ಬರ್ತತೇನು?"

ಸ್ವಲ್ಪ ಹೊತ್ತು ಬಿಟ್ಟು, "ನೀನು ಪತ್ರಿಕೋದ್ಯಮ ಓದಿದೀಯಲ್ಲ, 1994ರ ಇಸ್ರೊ ಕೇಸು ಓದು" ಎಂದರು. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದರು. ಯಾಕೆ ಅಂತ ನನಗೆ ಗೊತ್ತಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಇಸ್ರೊ ಕೇಸು. 1994ರ ಅಕ್ಟೋಬರಿನಲ್ಲಿ ತಿರುವನಂತಪುರದಲ್ಲಿ ಮಾಲ್ಡೀವ್ಸ್ ದೇಶದ ಮರಿಯಂ ರಶೀದಾ ಎಂಬ ಹೆಣ್ಣುಮಗಳನ್ನು ಬಂಧಿಸಿದರು. ವೀಸಾ ಅವಧಿ ಮುಗಿದರೂ ದೇಶದಲ್ಲಿ ಉಳಿದಿದ್ದರು ಎಂಬುದು ಮೊದಲ ಆರೋಪ. ತಿಂಗಳೊಪ್ಪತ್ತಿನಲ್ಲಿ ಅದು ಬೇಹುಗಾರಿಕೆಯ ಕೇಸಾಯಿತು. ಇಸ್ರೊದ ವಿಜ್ಞಾನಿಗಳು ಕ್ರಯೋಜೆನಿಕ್ ಎಂಜಿನ್ನಿನ ರಹಸ್ಯವನ್ನು ಪಾಕಿಸ್ತಾನಕ್ಕೆ ಮಾರಿದರು ಎಂಬ ಕಥೆ ಎದ್ದಿತು. ಕ್ರಯೋಜೆನಿಕ್ ಎಂದರೆ ಅತಿ ತಣ್ಣಗೆ ಮಾಡಿ ದ್ರವವಾಗಿಸಿದ ಹೈಡ್ರೋಜನ್ ಮತ್ತು ಆಮ್ಲಜನಕ ಉರಿಸಿ ನಡೆಯುವ ಎಂಜಿನ್. ಭಾರದ ಉಪಗ್ರಹವನ್ನು ಮೇಲಕ್ಕೆ ಒಯ್ಯಲು ಅದು ಬೇಕು. ನವೆಂಬರಿನಲ್ಲಿ ಡಿ. ಶಶಿಕುಮಾರನ್ ಮತ್ತು ನಂಬಿ ನಾರಾಯಣನ್ ಎಂಬ ಇಬ್ಬರು ವಿಜ್ಞಾನಿಗಳನ್ನು ಹಿಡಿದರು. ನಂಬಿಯವರು 50 ದಿನ ಸೆರೆಯಲ್ಲಿದ್ದರು.

ಇದರಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ಕದ್ದು ಮಾರಿದರು ಎಂದು ಹೇಳಿದ ತಂತ್ರಜ್ಞಾನ ಆಗ ನಮ್ಮ ದೇಶದ ಕೈಯಲ್ಲೇ ಇರಲಿಲ್ಲ. ರಷ್ಯಾದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯಿಂದ ಪಡೆಯಲು 1991ರಲ್ಲಿ ಒಪ್ಪಂದವಾಗಿತ್ತು. ಅಮೆರಿಕ ಅಡ್ಡ ನಿಂತಿದ್ದರಿಂದ ತಂತ್ರಜ್ಞಾನ ಬರುವುದು ತಪ್ಪಿ, ಬರೀ ಎಂಜಿನ್ ಕೊಡುವ ಮಾತಾಗಿತ್ತು. ನಮ್ಮದೇ ಕ್ರಯೋಜೆನಿಕ್ ಎಂಜಿನ್ ಕಟ್ಟಿಕೊಂಡ ರಾಕೆಟ್ ಮೊದಲ ಸಲ ಗೆದ್ದು ಹಾರಿದ್ದು 2014ರ ಜನವರಿ 5ರಂದು. ಹಟ್ಟಿಯಲ್ಲಿ ಎಮ್ಮೆಯೇ ಇಲ್ಲ, ಹಾಲು ಕದ್ದನೆಂದು ಕೇಸು.

ಆದರೆ ಇದನ್ನು ಆಗ ಕೇಳುವವರು ಯಾರಿದ್ದರು? ಪತ್ರಿಕೆಗಳು ದಿನಕ್ಕೊಂದು ಕಥೆ ಬರೆದವು. ಹೆಣ್ಣು, ಹಣ, ಹೋಟೆಲು, ರಾಕೆಟ್, ಪಾಕಿಸ್ತಾನ ಎಲ್ಲವೂ ಒಂದೇ ಸುದ್ದಿಯಲ್ಲಿ ಸಿಕ್ಕರೆ ಯಾವ ಸಂಪಾದಕ ಬಿಟ್ಟಾನು? ರಾಜಕೀಯವೂ ಸೇರಿಕೊಂಡಿತು. ಆ ಗದ್ದಲದ ನಡುವೆಯೇ 1995ರ ಮಾರ್ಚಿನಲ್ಲಿ ಕೇರಳದ ಮುಖ್ಯಮಂತ್ರಿ ಕೆ. ಕರುಣಾಕರನ್ ರಾಜೀನಾಮೆ ಕೊಟ್ಟರು. ಮರುವರ್ಷ, 1996ರಲ್ಲಿ, ಸಿಬಿಐ ಆರೋಪಗಳೆಲ್ಲ ಸುಳ್ಳು ಎಂದು ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ಕೇರಳ ಸರ್ಕಾರ ಮತ್ತೆ ತನಿಖೆಗೆ ಹೊರಟಾಗ 1998ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಕೊನೆಗೆ 2018ರ ಸೆಪ್ಟೆಂಬರ್ 14ರಂದು ಅದೇ ಕೋರ್ಟು, ನಂಬಿಯವರ ಬಂಧನ ಅನಗತ್ಯವಾಗಿತ್ತು ಎಂದು ಹೇಳಿ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 2019ರಲ್ಲಿ ಅವರಿಗೆ ಪದ್ಮಭೂಷಣ ಬಂತು. 2022ರಲ್ಲಿ ನಟ ಮಾಧವನ್ ಅವರ ಬದುಕಿನ ಮೇಲೆ 'ರಾಕೆಟ್ರಿ' ಸಿನಿಮಾ ಮಾಡಿದರು.

ಇಲ್ಲಿಗೆ ನಿಲ್ಲಿಸಿದರೆ ಇದೂ ದೊಡ್ಡಪ್ಪನ ಫೋನಿನ ಸಿನಿಮಾದಂತೆಯೇ ಆಯಿತು, ಕೊನೆಗೆ ಸತ್ಯ ಗೆದ್ದಿತು ಎಂದು ಚಪ್ಪಾಳೆ ಹೊಡೆದು ಎದ್ದು ಹೋಗಬಹುದು. ಆದರೆ ಕೇಸಿನಲ್ಲಿ ಬೆಂಗಳೂರಿನ ಇಬ್ಬರೂ ಇದ್ದರು. ಗ್ಲಾವ್‌ಕಾಸ್ಮಾಸ್ ಪರವಾಗಿ ಕೆಲಸ ಮಾಡುತ್ತಿದ್ದ ಕೆ. ಚಂದ್ರಶೇಖರ್ ಒಬ್ಬರು. ಕೂಲಿ ಗುತ್ತಿಗೆದಾರರಾಗಿದ್ದ ಎಸ್.ಕೆ. ಶರ್ಮ ಇನ್ನೊಬ್ಬರು. ಕೇಸಿನ ಇನ್ನೊಬ್ಬ ಮಾಲ್ಡೀವ್ಸ್ ಮಹಿಳೆ ಫೌಜಿಯಾ ಹಸನ್ ಅವರ ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಳು. ಪರಿಚಯ, ಓಡಾಟ, ಫೋನು ಎಲ್ಲಕ್ಕೂ ಸಂಚಿನ ಬಣ್ಣ ಬಂತು. ಈ ಇಬ್ಬರೂ ಜೈಲು ಕಂಡರು.

ಚಂದ್ರಶೇಖರ್ 24 ವರ್ಷ ತೀರ್ಪಿಗೆ ಕಾದರು. ತೀರ್ಪು ಬರುವ ದಿನ ಬೆಳಿಗ್ಗೆಯೇ ಪ್ರಜ್ಞೆ ತಪ್ಪಿದರು. ಎರಡು ದಿನದ ನಂತರ, ಸೆಪ್ಟೆಂಬರ್ 16ರಂದು, ತೀರಿಕೊಂಡರು. ಕೋರ್ಟು ಏನು ಹೇಳಿತೆಂದು ಅವರಿಗೆ ತಿಳಿಯಲೇ ಇಲ್ಲ. ಒಂದೂವರೆ ತಿಂಗಳ ನಂತರ, ನವೆಂಬರಿನ ಆರಂಭದಲ್ಲಿ, ಶರ್ಮ ಕ್ಯಾನ್ಸರಿನಿಂದ ಹೋದರು. ಅವರಿಬ್ಬರ ಬಗ್ಗೆ ಸಿನಿಮಾ ಬಂದಿಲ್ಲ.

ಇದನ್ನು ಓದಿದ ರಾತ್ರಿ ನನಗೆ ನೆನಪಾದದ್ದು ನಮ್ಮ ಕುಮಾರರಾಮ. ಕಂಪ್ಲಿ ಕಡೆಯವರಿಗೆ ಈ ಕಥೆ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಎರಡು ಮಾತು ಹೇಳುತ್ತೇನೆ. ವಿಜಯನಗರಕ್ಕಿಂತ ಮೊದಲು ಇಲ್ಲಿ ಆಳಿದವನು ಕಂಪಿಲರಾಯ. ಕುಮ್ಮಟದುರ್ಗ, ಸಂಡೂರು ಗುಡ್ಡದ ಹೊಸಮಲೆದುರ್ಗ ಅವನ ಕೋಟೆಗಳು. ಮಗ ರಾಮ ಚೆಂಡಾಡುವಾಗ ಚೆಂಡು ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬಿತ್ತು. ತರಲು ಹೋದವನನ್ನು ಅವಳು ಮೋಹಿಸಿದಳು, ಅವನು ಒಪ್ಪಲಿಲ್ಲ. ಅವನೇ ಕೈ ಮಾಡಿದನೆಂದು ಗಂಡನಿಗೆ ದೂರು ಹೇಳಿದಳು. ರಾಯ ಹಿಂದೆಮುಂದೆ ವಿಚಾರಿಸದೆ, ಮಗನ ತಲೆ ತನ್ನಿ ಎಂದ. ಮಂತ್ರಿ ಬೈಚಪ್ಪ ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸಿ ಬೇರೊಬ್ಬನ ತಲೆ ತಂದು ತೋರಿಸಿದ. ಮುಂದೆ ದಿಲ್ಲಿಯ ದಂಡು ಬಂದಾಗ ರಾಮ ನೆಲಮಾಳಿಗೆಯಿಂದ ಎದ್ದು ಬಂದು ಹೋರಾಡಿ ಮಡಿದ. ಸುಮಾರು 1327ರಲ್ಲಿ ಕಂಪಿಲಿ ರಾಜ್ಯ ಮುಗಿಯಿತು.

ಚಿಕ್ಕಂದಿನಿಂದ ಕೇಳಿದ ಕಥೆ. ಆದರೆ ಆ ರಾತ್ರಿ ಮೊದಲ ಸಲ ಒಂದು ಪ್ರಶ್ನೆ ಬಂತು. ರಾಯನ ಮುಂದೆ ತಟ್ಟೆಯಲ್ಲಿಟ್ಟ ಆ ತಲೆ ಯಾರದು? ಸುಳ್ಳು ಹೇಳಿದವಳು ರಾಣಿ, ನಂಬಿದವನು ರಾಜ, ಉಳಿದವನು ರಾಜಕುಮಾರ. ತಲೆ ಕೊಟ್ಟವನು ಬೇರೆಯವನು. ಸುಳ್ಳು ಆರೋಪದಿಂದ ಹೆಸರಿದ್ದವರು ಹೇಗೋ ಎದ್ದು ಬರುತ್ತಾರೆ, ಅವರ ಹೆಸರಲ್ಲಿ ಗುಡಿ ಏಳುತ್ತದೆ, ಸಿನಿಮಾ ಬರುತ್ತದೆ. ಪಕ್ಕದಲ್ಲಿ ನಿಂತಿದ್ದವನ ತಲೆಯ ಲೆಕ್ಕ ಯಾರೂ ಕೇಳುವುದಿಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಕೊಂಡು ಹೋಯಿತು. ಆ ವಾರ ನಮ್ಮ ಕಡೆ ಯಾರಿಗೂ ನಿದ್ದೆ ಇರಲಿಲ್ಲ. ಹೊಳೆಯಲ್ಲಿ ಹೋಗುತ್ತಿದ್ದದ್ದು ನಮ್ಮ ಬೆಳೆಯ ನೀರು. ಊರೂರಿನ ಗ್ರೂಪುಗಳಲ್ಲಿ ತಾಸಿಗೊಂದು ಸುದ್ದಿ. ಗೇಟು ತಾನಾಗಿ ಹೋಗಿಲ್ಲ, ಯಾರೋ ಮಾಡಿಸಿದ್ದಾರೆ ಎಂಬ ಮಾತೂ ಅದರಲ್ಲಿ ಬಂತು. ನಾನು ಆಗ ದಿನಾ ಹೊಳೆದಂಡೆಗೆ ಹೋಗಿ ವಿಡಿಯೊ ಮಾಡಿ ಹಾಕುತ್ತಿದ್ದೆ.

ಒಂದು ಸಂಜೆ ಕಂಪ್ಲಿ ಕಡೆಯ ದಂಡೆಯಲ್ಲಿ ಒಬ್ಬ ವಯಸ್ಸಾದವರು ಕಂಡರು. ಕೊರಳಲ್ಲಿ ದುರ್ಬೀನು, ಕೈಯಲ್ಲಿ ನೋಟ್‌ಬುಕ್ಕು. ನೀರು ನೋಡುವುದು, ಬರೆದುಕೊಳ್ಳುವುದು, ಫೋಟೊ ತೆಗೆಯುವುದು. ನನ್ನ ಪಕ್ಕದಲ್ಲಿದ್ದ ಹುಡುಗ, "ಮೂರು ದಿನದಿಂದ ಬರ್ತಾನಣ್ಣ, ಏನೋ ಐತಿ" ಅಂದ. ನಾನು ದೂರದಿಂದ ಒಂದು ಫೋಟೊ ಹೊಡೆದೆ. ಕೆಳಗೆ ಬರೆದೆ: "ಹೊಳೆದಂಡೆಯಲ್ಲಿ ಶಂಕಿತ ವ್ಯಕ್ತಿಯ ಓಡಾಟ. ನೀರಿನ ಮಟ್ಟದ ಮಾಹಿತಿ ಸಂಗ್ರಹ." ಗ್ರೂಪಿಗೆ ಹಾಕಿದೆ.

ಯೋಚಿಸಿ ನೋಡಿ. ಅದೇ ಮನುಷ್ಯ ಅದೇ ದುರ್ಬೀನು ಹಾಕಿಕೊಂಡು ಹಂಪಿಯಲ್ಲಿ ನಿಂತಿದ್ದರೆ ಪ್ರವಾಸಿ. ಎಳನೀರು ಬೇಕಾ ಸಾರ್ ಎಂದು ಕೇಳುತ್ತಿದ್ದೆವು. ನಮ್ಮೂರ ದಂಡೆಯಲ್ಲಿ ನಿಂತದ್ದಕ್ಕೆ ಶಂಕಿತ.

ಅರ್ಧ ತಾಸಿನಲ್ಲಿ ಮೂವತ್ತು ನಲವತ್ತು ಜನ ಅವರನ್ನು ಸುತ್ತುವರಿದರು. ಫೋನು ಕಸಿದರು, ನೋಟ್‌ಬುಕ್ಕು ಹರಿದರು. ಪೊಲೀಸರು ಬಂದು ಕರೆದುಕೊಂಡು ಹೋಗಿ, ವಿಚಾರಿಸಿ, ಮನೆಗೆ ಕಳಿಸಿದರು. ಅವರು ಹೊಳೆಯಾಚೆಯ ಒಬ್ಬ ನಿವೃತ್ತ ಮೇಷ್ಟ್ರು. ನೀರುನಾಯಿ ಎಣಿಸುವುದು ಅವರ ಹವ್ಯಾಸ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ನೀರು ಏರಿದಾಗ ಬಂಡೆಸಂದಿಯ ಬಿಲಗಳು ಮುಳುಗಿ ಮರಿಗಳು ಏನಾದವು ಎಂದು ನೋಡಲು ಬಂದಿದ್ದರು. ಹರಿದ ನೋಟ್‌ಬುಕ್ಕಿನಲ್ಲಿದ್ದದ್ದು ಏಳು ವರ್ಷದ ಲೆಕ್ಕ.

ಯಾರೂ ಹೊಡೆಯಲಿಲ್ಲ, ಅದು ದೊಡ್ಡ ಪುಣ್ಯ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಹತ್ತಿರ ಏನಾಯಿತೆಂದು ನೆನಪಿದೆಯಲ್ಲ? ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೊರಗಿನವರನ್ನು ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪಿನಲ್ಲಿ ಹಬ್ಬಿಸಿದರು. ಹೈದರಾಬಾದಿನ ಒಬ್ಬ ಎಂಜಿನಿಯರ್ ಜನರ ಕೈಯಲ್ಲಿ ಸತ್ತುಹೋದ. ಅಲ್ಲಿಗೂ ನಮ್ಮೂರಿಗೂ ಇದ್ದ ಅಂತರ, ಆ ಸಂಜೆ ಪೊಲೀಸ್ ಜೀಪು ಬೇಗ ಬಂದದ್ದು ಮಾತ್ರ.

ಮರುದಿನ ನಾನು ತಿದ್ದುಪಡಿ ಹಾಕಿದೆ. ಮೊದಲಿನ ಫೋಟೊ ಹದಿನಾಲ್ಕು ಗ್ರೂಪು ದಾಟಿದ್ದು ನನಗೇ ಗೊತ್ತು. ತಿದ್ದುಪಡಿಯನ್ನು ಒಬ್ಬರೂ ಫಾರ್ವರ್ಡ್ ಮಾಡಲಿಲ್ಲ.

ದೀಪಾವಳಿಯಲ್ಲಿ ದೊಡ್ಡಪ್ಪ ನನ್ನ ಮುಖ ನೋಡಿದ್ದು ಇದಕ್ಕೆ. ಆ ಪೋಸ್ಟು ಅವರ ಫೋನಿಗೂ ಹೋಗಿತ್ತು. ಬೈಯಲಿಲ್ಲ. ತಮ್ಮ ಕೆಲಸದ ಒಂದು ವಿಷಯ ಹೇಳಿದರು.

"ಗಣಿ ಜೋರಿದ್ದಾಗ ನಾನು ಸಂಡೂರಾಗ ಇದ್ದೆ. ಚಾದಂಗಡ್ಯಾಗ ಕುಂದ್ರೋದು, ಲಾರಿ ನೋಡೋದು. ವರದಿ ಬರಿಯೋ ಮುಂದ ಹಾಳ್ಯಾಗ ಎರಡು ಗೆರಿ ಎಳದು ಮೂರು ಭಾಗ ಮಾಡ್ಕೊಂತಿದ್ದೆ. ಕಂಡದ್ದು, ಕೇಳಿದ್ದು, ಊಹಿಸಿದ್ದು. ರಾತ್ರಿ ಇಷ್ಟು ಲಾರಿ ಹೋದವು, ಅದು ಕಂಡದ್ದು. ಅದ್ರಾಗ ಪರ್ಮಿಟ್ ಇಲ್ಲದ ಅದಿರು ಐತಂತ, ಅದು ಕೇಳಿದ್ದು. ಇಂಥವರೇ ಮಾಡಿಸ್ಯಾರ, ಅದು ಊಹೆ. ಊಹೆ ಮಾಡ್ಬಾರದು ಅಂತಲ್ಲ ತಮ್ಮಾ. ಊಹೆ ಇಲ್ಲದ ನಮ್ಮ ಕೆಲಸ ನಡಿಯಂಗಿಲ್ಲ. ಆದ್ರ ಊಹೆನ್ನ ಕಂಡದ್ದರ ಮನಿಯಾಗ ಬರದ್ರ, ಒಬ್ಬನ ಬಾಳೇವು ಹೋಕ್ಕತಿ."

ನನ್ನ ಎರಡು ಸಾಲನ್ನು ಆ ಹಾಳೆಯ ಮೇಲಿಟ್ಟು ನೋಡಿದೆ. ಒಬ್ಬ ವ್ಯಕ್ತಿ ದುರ್ಬೀನು ಹಿಡಿದು ನಿಂತಿದ್ದ: ಕಂಡದ್ದು. ಮೂರು ದಿನದಿಂದ ಬರುತ್ತಿದ್ದಾನೆ: ಕೇಳಿದ್ದು. ಶಂಕಿತ, ಮಾಹಿತಿ ಸಂಗ್ರಹ: ಊಹೆ. ನಾನು ಬರೆದದ್ದು ಊಹೆ ಮಾತ್ರ. ಕಂಡದ್ದಕ್ಕೆ ಫೋಟೊ ಇಟ್ಟಿದ್ದರಿಂದ ಊಹೆಗೂ ಸಾಕ್ಷಿ ಇದ್ದಂತೆ ಕಂಡಿತು. 1994ರಲ್ಲಿ ದೊಡ್ಡ ಪತ್ರಿಕೆಗಳು ದೊಡ್ಡ ಮಟ್ಟದಲ್ಲಿ ಮಾಡಿದ್ದೂ ಇದೇ. ವೀಸಾ ಮುಗಿದದ್ದು ನಿಜ, ಪರಿಚಯವಿದ್ದದ್ದು ನಿಜ. ಉಳಿದದ್ದನ್ನು ಆ ನಿಜದ ಪಕ್ಕದಲ್ಲಿಟ್ಟು ನಿಜ ಮಾಡಿದರು.

ಈಗ ನಾನೂ ಹಾಳೆಗೆ ಎರಡು ಗೆರೆ ಎಳೆಯುತ್ತೇನೆ. ಮೂರನೆಯ ಮನೆಯದನ್ನು ಊರಿಗೆ ಕಳಿಸುವ ಮೊದಲು, ಯಾರ ಬಗ್ಗೆ ಬರೆದಿದ್ದೇನೋ ಅವರನ್ನೇ ಹೋಗಿ ಕೇಳುತ್ತೇನೆ. ಅವತ್ತು ಮೇಷ್ಟ್ರು ನನ್ನಿಂದ ಐವತ್ತು ಹೆಜ್ಜೆ ದೂರ ಇದ್ದರು. "ಏನು ನೋಡಾಕತ್ತೀರಿ ಸರ್?" ಎಂದು ಕೇಳಿದ್ದರೆ ನೀರುನಾಯಿಯ ಒಂದು ಒಳ್ಳೆಯ ಸುದ್ದಿ ಸಿಗುತ್ತಿತ್ತು.

ಹೋದ ತಿಂಗಳು ಅವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಚಹಾ ಕೊಟ್ಟರು. "ಆತು ಬಿಡಪ್ಪಾ" ಅಂದರು. ಕಂಪ್ಲಿ ಕಡೆ ಮತ್ತೆ ಯಾವಾಗ ಬರುತ್ತೀರಿ ಎಂದು ಕೇಳಿದೆ. "ಈಗ ಈ ದಂಡಿಯಿಂದಾನೇ ಎಣಸ್ತೀನಿ. ಆಚೆ ದಂಡಿದು ಅರ್ಧಕ್ಕರ್ಧ ಕಾಣಂಗಿಲ್ಲ, ಇರ್ಲಿ" ಎಂದು ಹೊಸ ನೋಟ್‌ಬುಕ್ಕು ತೋರಿಸಿದರು.

ಬಿಳಿ ಗಡ್ಡ, ಕೊರಳಲ್ಲಿ ದುರ್ಬೀನು, ಹಿಂದೆ ಕೆಂಪು ಹೊಳೆ. ಆ ಫೋಟೊ ನಿಮ್ಮ ಫೋನಿನಲ್ಲೂ ಇರಬಹುದು. ಇದ್ದರೆ ದಯವಿಟ್ಟು ಅಳಿಸಿ. ಮತ್ತೆ ಎಲ್ಲಾದರೂ ಅದು ಬಂದರೆ, ಆತ ಶಂಕಿತನಲ್ಲ, ನೀರುನಾಯಿ ಎಣಿಸುವ ಮೇಷ್ಟ್ರು ಎಂದು ಕೆಳಗೆ ಬರೆಯಿರಿ. ಆ ಫೋಟೊ ತೆಗೆದವನು ನಾನು.