ಊಟವೂ ಮಾತೂ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆದರೆ ರೋಗ ಬಂದೊದಗಿದ ಮೇಲೆ ಊಟದ ಗತಿಯೇನು, ಮಾತಿನ ಗತಿಯೇನು ಎಂಬುದನ್ನು ಗಾದೆ ತಿಳಿಸುವುದಿಲ್ಲ. ಆರೋಗ್ಯದಿಂದಿರುವಾಗ ಆ ಪ್ರಶ್ನೆ ನಮಗೆ ಹೊಳೆಯುವುದೂ ಇಲ್ಲ. ಆಸ್ಪತ್ರೆಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುವು ವೈದ್ಯರ ಬಿಳಿಯ ಅಂಗಿ, ಔಷಧಿಯ ಸೀಸೆ, ಚುಚ್ಚುಮದ್ದಿನ ಸೂಜಿ, ಅನ್ನದ ತಟ್ಟೆಯಲ್ಲ.

ನಮ್ಮ ಪೂರ್ವಿಕರು ಹೀಗೆ ಎಣಿಸಿದವರಲ್ಲ. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಲ್ಲಿರಬೇಕಾದ ಗುಣಗಳೂ ನಾಲ್ಕು: ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಪ್ರೀತಿ, ಶುಚಿತ್ವ. ಪರಿಚಾರಕನು ವೈದ್ಯನ ಸಾಲಿನಲ್ಲಿಯೇ ನಿಲ್ಲುವವನು. ಅವನಿಲ್ಲದಿದ್ದರೆ ಚಿಕಿತ್ಸೆ ಕುಂಟುತ್ತದೆ ಎಂಬುದು ಇದರ ತಾತ್ಪರ್ಯ.

ಕ್ರಿಮಿಯಾ ಯುದ್ಧದ ಗಾಯಾಳುಗಳ ಶುಶ್ರೂಷೆ ಮಾಡಿದ ಫ್ಲಾರೆನ್ಸ್ ನೈಟಿಂಗೇಲ್ ಮಹಾಶಯೆಯ ಅನುಭವವೂ ಇದನ್ನೇ ಸಾರುತ್ತದೆ. ೧೮೫೫ರಲ್ಲಿ ಲಂಡನ್ನಿನ ಹೆಸರಾಂತ ಬಾಣಸಿಗ ಅಲೆಕ್ಸಿಸ್ ಸಾಯರ್ ಆಕೆಯಿದ್ದ ಸ್ಕುಟಾರಿಯ ಆಸ್ಪತ್ರೆಗೆ ಬಂದು ಅಲ್ಲಿಯ ಅಡುಗೆಮನೆಗಳನ್ನು ಸುಧಾರಿಸಿದನು. ೧೮೫೯ರಲ್ಲಿ ಹೊರಬಂದ ತನ್ನ ಶುಶ್ರೂಷಾ ಗ್ರಂಥದಲ್ಲಿ ಆಕೆ ಆಹಾರಕ್ಕಾಗಿಯೇ ಎರಡು ಅಧ್ಯಾಯಗಳನ್ನು ಮೀಸಲಿಟ್ಟಳು. ಏನನ್ನು ಉಣಿಸಬೇಕೆಂಬುದಕ್ಕೆ ಒಂದು, ಹೇಗೆ ಉಣಿಸಬೇಕೆಂಬುದಕ್ಕೆ ಇನ್ನೊಂದು. ಸಮೃದ್ಧಿಯ ನಡುವೆಯೇ ಸಾವಿರಾರು ರೋಗಿಗಳು ಉಪವಾಸ ಬೀಳುತ್ತಾರೆ, ಉಣಿಸುವ ಕ್ರಮದತ್ತ ಲಕ್ಷ್ಯವಿಲ್ಲದಿರುವುದೇ ಅದಕ್ಕೆ ಕಾರಣ ಎಂದು ಆಕೆಯ ದೂರು. ರೋಗಿ ಮುಟ್ಟದ ತಟ್ಟೆಯನ್ನು ‘ಆಮೇಲೆ ತಿಂದಾರು’ ಎಂದು ಹಾಸಿಗೆಯ ಬಳಿಯೇ ಬಿಟ್ಟು ಹೋಗಬಾರದೆಂದೂ ಆಕೆ ಎಚ್ಚರಿಸಿದ್ದಾಳೆ.

ಈ ಮಾತಿನ ಸತ್ಯವನ್ನು ನಾವು ದೆಹಲಿಯಲ್ಲಿಯೇ ಕಣ್ಣಾರೆ ಕಂಡೆವು. ಕೆಲವು ವರ್ಷಗಳ ಹಿಂದೆ, ಹಾಸನದ ಕಡೆಯಿಂದ ನಮ್ಮಲ್ಲಿಗೆ ಬಂದಿದ್ದ ನಮ್ಮ ಸೋದರತ್ತೆಯವರು ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನೆರವೇರಿತು. ಆದರೆ ನಾಲ್ಕು ದಿನ ಕಳೆದರೂ ಅವರಿಗೆ ಶಕ್ತಿ ಮರಳಲಿಲ್ಲ. ನಮ್ಮವರ ಭೇಟಿಗೆ ಅವಕಾಶವಿದ್ದುದು ಸಂಜೆ ಒಂದು ಗಂಟೆಯ ಕಾಲ ಮಾತ್ರ. ನಾವು ಕೇಳಿದಾಗಲೆಲ್ಲ ಅತ್ತೆಯವರು, “ಹಸಿವಿಲ್ಲಪ್ಪ, ನೀವು ಹೊತ್ತಿಗೆ ಸರಿಯಾಗಿ ಮನೆ ಸೇರಿಕೊಳ್ಳಿ” ಎನ್ನುತ್ತಿದ್ದರು. ದಾಖಲೆಯ ಹಾಳೆಯಲ್ಲಿದ್ದುದೂ ‘ಆಹಾರ ಸೇವಿಸುತ್ತಿಲ್ಲ’ ಎಂಬ ಒಂದೇ ಸಾಲು.

ಆ ವಾರ್ಡಿಗೆ ವಾರಕ್ಕೆರಡು ದಿನ ಸ್ವಯಂಸೇವೆಗೆಂದು ಒಬ್ಬ ಪಂಜಾಬಿ ಮಹಿಳೆ ಬರುತ್ತಿದ್ದರು; ಉದ್ಯೋಗದಿಂದ ನಿವೃತ್ತರಾದವರು. ಅವರಿಗೆ ಕನ್ನಡ ಬಾರದು, ಅತ್ತೆಯವರಿಗೆ ಹಿಂದಿ ಬಾರದು. ಒಂದು ಸಂಜೆ ಅವರು ನಮಗಾಗಿ ಕಾದು ನಿಂತು, “ಮಾತಾಜಿಯವರ ಭಾಷೆಯ ನಾಲ್ಕು ಮಾತುಗಳನ್ನು ನನಗೆ ಕಲಿಸಿಕೊಡಿ” ಎಂದರು. ಬೇಕು, ಸಾಕು, ನೋವು, ನೀರು ಎಂಬ ನಾಲ್ಕನ್ನು ಅವರು ದೇವನಾಗರಿಯಲ್ಲಿ ಬರೆದುಕೊಂಡರು. ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಹಾಸಿಗೆಯ ಬಳಿ ಕುಳಿತು, ರೊಟ್ಟಿಯನ್ನು ತೋರಿಸಿ “ಬೇಕು?” ಎಂದು ಕೇಳಿದರಂತೆ. ಅತ್ತೆಯವರು ಉತ್ತರವಾಗಿ ಬಾಯನ್ನು ತೆರೆದು ತೋರಿಸಿದರು. ಶಸ್ತ್ರಚಿಕಿತ್ಸೆಗೆ ಮುನ್ನ ತೆಗೆದಿರಿಸಿದ್ದ ಕಟ್ಟಿಸಿದ ಹಲ್ಲುಗಳು ಹಾಸಿಗೆಯ ಪಕ್ಕದ ಪೆಟ್ಟಿಗೆಯಲ್ಲಿಯೇ ಉಳಿದಿದ್ದವು! ಆ ಮಹಿಳೆ ಕೂಡಲೇ ದಾದಿಗೆ ತಿಳಿಸಿದರು. ಹಲ್ಲುಗಳು ಬಾಯಿಗೆ ಮರಳಿದವು. ಅಂದಿನ ರಾತ್ರಿಯಿಂದ ಮೆತ್ತಗಿನ ಖಿಚಡಿಯೂ ಮೊಸರೂ ಬಂದವು. ಅತ್ತೆಯವರು ಆಕೆಯನ್ನು “ತಾಯಿ” ಎಂದು ಕರೆಯತೊಡಗಿದರು. ಹತ್ತು ದಿನಗಳಲ್ಲಿ ಕೋಲೂರಿ ನಡೆದರು.

ಇದರಲ್ಲಿ ಕೇವಲ ಒಬ್ಬರನ್ನು ದೂಷಿಸಿ ಫಲವಿಲ್ಲ. ಒಬ್ಬ ದಾದಿ ಹಲವು ಹಾಸಿಗೆಗಳನ್ನು ನೋಡಿಕೊಳ್ಳಬೇಕಾದ ಕಡೆ, ತಟ್ಟೆ ಏಕೆ ಹಿಂದಿರುಗಿತೆಂದು ಕೇಳುವಷ್ಟು ಬಿಡುವು ಎಲ್ಲಿ? ಆ ಬಿಡುವನ್ನು ತರಬಲ್ಲವರೇ ಸ್ವಯಂಸೇವಕರು.

ದೆಹಲಿಗೆ ಈ ಸೇವಾಧರ್ಮ ಹೊಸದಲ್ಲ. ೧೬೬೪ರಲ್ಲಿ ಇಲ್ಲಿ ಸಿಡುಬು ಹಬ್ಬಿದಾಗ, ರಾಜಾ ಜಯಸಿಂಹನ ಬಂಗಲೆಯಲ್ಲಿ ತಂಗಿದ್ದ ಸಿಖ್ಖರ ಎಂಟನೆಯ ಗುರು ಹರಕೃಷ್ಣರು ರೋಗಿಗಳಿಗೆ ನೀರು ನೀಡಿ ಉಪಚರಿಸಿದರೆಂದು ಸಿಖ್ಖರ ಪರಂಪರೆ ಹೇಳುತ್ತದೆ. ಅದೇ ರೋಗಕ್ಕೆ ಅವರು ಬಲಿಯಾದಾಗ ಅವರಿಗಿನ್ನೂ ಎಂಟು ವರ್ಷ ತುಂಬಿರಲಿಲ್ಲ. ಆ ಬಂಗಲೆಯ ಸ್ಥಳದಲ್ಲಿಯೇ ಇಂದು ಬಂಗ್ಲಾ ಸಾಹಿಬ್ ಗುರುದ್ವಾರವಿದೆ. ೨೦೨೧ರ ಬೇಸಗೆಯಲ್ಲಿ ಕೋವಿಡ್ ಭೀಕರವಾದಾಗ, ಗಾಜಿಯಾಬಾದಿನ ಇಂದಿರಾಪುರಂ ಗುರುದ್ವಾರದವರು ಅನ್ನದಾಸೋಹದ ಮಾದರಿಯಲ್ಲಿ ಆಮ್ಲಜನಕದ ‘ಲಂಗರ್’ ನಡೆಸಿದುದನ್ನು ಲೋಕವೇ ಕಂಡಿತು. ೧೯೯೬ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ‘ಕ್ಯಾನ್‌ಸಪೋರ್ಟ್’ ಸಂಸ್ಥೆಯವರು ಕ್ಯಾನ್ಸರ್ ರೋಗಿಗಳ ಮನೆಗಳಿಗೇ ಹೋಗಿ ನೋವನ್ನು ತಗ್ಗಿಸುವ ಕೆಲಸದಲ್ಲಿ ತೊಡಗಿದ್ದಾರೆ. ಕನ್ನಡ ನಾಡಿನ ಪಾಲೂ ಇಲ್ಲಿ ಇಲ್ಲದಿಲ್ಲ. ೨೦೨೧ರ ಅಕ್ಟೋಬರ್ ೨೧ರಂದು ಹರಿಯಾಣದ ಝಜ್ಜರ್‌ನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಪ್ರಾರಂಭವಾದ, ರೋಗಿಗಳ ಜೊತೆಗೆ ಬಂದವರು ತಂಗುವ ೮೦೬ ಹಾಸಿಗೆಗಳ ವಿಶ್ರಾಮ ಸದನವನ್ನು ಕಟ್ಟಿಸಿಕೊಟ್ಟುದು ಬೆಂಗಳೂರಿನ ಇನ್ಫೋಸಿಸ್ ಪ್ರತಿಷ್ಠಾನ.

ಹಾಗಾದರೆ ಆಸ್ಪತ್ರೆಯ ಊಟ ಸುಧಾರಿಸುವ ಬಗೆ ಹೇಗೆ? ಅದಕ್ಕೆ ಮೃಷ್ಟಾನ್ನ ಬೇಕಿಲ್ಲ. ಬಿಸಿಯಾಗಿರುವುದು, ಹೊತ್ತಿಗೆ ಬರುವುದು, ರೋಗಿ ಅಗಿಯಬಲ್ಲ ಹದದಲ್ಲಿರುವುದು, ಕೈಗೆಟಕುವಲ್ಲಿರುವುದು ಇವೇ ಮೊದಲ ಆವಶ್ಯಕತೆಗಳು. ರೊಟ್ಟಿ ಉಂಡು ಬೆಳೆದವರಿಗೆ ರೊಟ್ಟಿ, ಅನ್ನ ಉಂಡು ಬೆಳೆದವರಿಗೆ ಅನ್ನ ದೊರೆತರೆ ಹಸಿವೆ ತಾನಾಗಿಯೇ ಚಿಗುರುತ್ತದೆ. ತಟ್ಟೆಯಲ್ಲಿ ಎಷ್ಟು ಉಳಿಯಿತು, ಏಕೆ ಉಳಿಯಿತು ಎಂಬುದನ್ನೂ ಜ್ವರದ ಅಂಕಿಯಂತೆಯೇ ಬರೆದಿಡಬೇಕು. ಬ್ರಿಟನ್ನಿನ ಅನೇಕ ಆಸ್ಪತ್ರೆಗಳಲ್ಲಿ ಉಣ್ಣಲು ನೆರವು ಬೇಕಾದವರ ಊಟವನ್ನು ಕೆಂಪು ಟ್ರೇಯಲ್ಲಿ ಕಳುಹಿಸುವ ಪದ್ಧತಿಯಿದೆ. ಅದನ್ನು ಕಂಡೊಡನೆ, ಇಲ್ಲಿ ಒಬ್ಬರು ಕುಳಿತುಕೊಳ್ಳಬೇಕೆಂದು ಎಲ್ಲರಿಗೂ ತಿಳಿಯುತ್ತದೆ. ಖರ್ಚು ಅಲ್ಪ, ಉಪಕಾರ ಅಪಾರ.

ಆದರೆ ಪ್ರೀತಿಯೊಂದೇ ಸಾಲದು, ತಿಳಿವಳಿಕೆಯೂ ಬೇಕು. ಮೂತ್ರಪಿಂಡದ ರೋಗಿಗೆ ಎಳನೀರು, ಬಾಳೆಯ ಹಣ್ಣು ಅಪಾಯವಾಗಬಹುದು. ಅವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ನುಂಗಲಾರದವರಿಗೆ ಕೊಟ್ಟ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಶಸ್ತ್ರಚಿಕಿತ್ಸೆಗೆ ಮುನ್ನ ಕೊಟ್ಟ ಒಂದು ಲೋಟ ಹಾಲೂ ಕಂಟಕವಾದೀತು. ಆದುದರಿಂದ ದಾದಿಯನ್ನೋ ಪಥ್ಯತಜ್ಞರನ್ನೋ ಕೇಳದೆ ಯಾರ ಬಾಯಿಗೂ ಏನನ್ನೂ ಇಡಬಾರದು. ಕೈ ತೊಳೆಯದೆ ಹಾಸಿಗೆಯ ಬಳಿ ಸುಳಿಯಬಾರದು. ಒಬ್ಬರ ಕಾಯಿಲೆಯ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳಬಾರದು. ಈ ಮೂರು ನಿಯಮಗಳನ್ನು ಪಾಲಿಸಲಾರದವರ ಸೇವೆ ಸೇವೆಯೆನಿಸದು.

ವಿದ್ಯಾರ್ಥಿ ಮಿತ್ರರೇ, ವಾರ್ಡಿನೊಳಗೆ ಕಾಲಿಡುವ ವಯಸ್ಸು ನಿಮಗಿನ್ನೂ ಬಂದಿಲ್ಲದಿರಬಹುದು. ಆದರೆ ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಹಿಂದಿಯನ್ನೂ ಆಡುವ ನಿಮ್ಮ ಕೈಯಲ್ಲಿ ದೊಡ್ಡ ಸಂಪತ್ತಿದೆ. ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ, ಅದರೆದುರಿನ ಸಫ್ದರ್‌ಜಂಗ್ ಆಸ್ಪತ್ರೆ ಇವುಗಳಿಗೆ ದೇಶದ ಮೂಲೆಮೂಲೆಗಳಿಂದ ಜನ ಬರುತ್ತಾರೆ. ಅವರಲ್ಲಿ ನಮ್ಮ ನಾಡಿನವರು ಕಂಡರೆ ಹಿರಿಯರೊಡನೆ ಹೋಗಿ ಒಂದು ಅರ್ಜಿ ತುಂಬಿಕೊಡಿರಿ, ಒಂದು ಚೀಟಿಯನ್ನು ಓದಿ ಹೇಳಿರಿ. ಬೇಕಾದ ಹತ್ತು ಮಾತುಗಳನ್ನು ಎರಡು ಭಾಷೆಗಳಲ್ಲಿ ದಪ್ಪಕ್ಷರದಲ್ಲಿ ಬರೆದು ರೋಗಿಯ ತಲೆದೆಸೆಗೆ ಕಳುಹಿಸಿರಿ. ಶಾಲೆಗಳಲ್ಲಿ ಕಿರಿಯರ ರೆಡ್‌ಕ್ರಾಸ್ ದಳಗಳಿರುವುದೂ ಇಂತಹ ಸೇವೆಯ ಅಭ್ಯಾಸಕ್ಕಾಗಿಯೇ.

ನಮ್ಮ ನಾಡಿನಲ್ಲಿ ಇಬ್ಬರು ಎದುರಾದರೆ ಮೊದಲು ಹೊರಡುವ ಪ್ರಶ್ನೆ “ಊಟವಾಯಿತೆ?” ಎಂಬುದು. ಉತ್ತರಕ್ಕೆ ಕಾಯದೆ ನಾವು ಅದನ್ನು ದಿನಕ್ಕೆ ಹತ್ತು ಸಲ ಕೇಳಿ ಮುಂದೆ ಸಾಗುತ್ತೇವೆ. ರೋಗಿಯ ಬಳಿ ಮಾತ್ರ ಆ ಪ್ರಶ್ನೆಯನ್ನು ಕೇಳಿ, ಉತ್ತರ ಬರುವವರೆಗೆ ಕುಳಿತಿರೋಣ.